ಅಪ್ಪಣೆ ಬೇಡಿದ ದೊರೆ

ಕೋಟೆಗಳನ್ನು ಕಂಡಿದ್ದೇವೆಂದು ಹೇಳಿಕೊಳ್ಳುವವರು ನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಂಕನದುರ್ಗದ ಬೆಳಗನ್ನು ಕಾಣದವರು ಕಂಡದ್ದು ಬರಿಯ ಕಲ್ಲುರಾಶಿಯೆಂದು ಎದೆತಟ್ಟಿ ಹೇಳಬಹುದು. ಮೂಡಣ ಬೆಟ್ಟದ ನೆತ್ತಿಗೆ ಸೂರ್ಯ ಏರುತ್ತಿದ್ದಂತೆ ಕೆಂಗಲ್ಲಿನ ಗೋಡೆಗಳು ಒಳಗೆ ದೀಪ ಹಚ್ಚಿಟ್ಟಂತೆ ಕೆಂಪೇರುತ್ತಿದ್ದವು. ಕಂದಕದ ನೀರಿನ ಮೇಲಿನ ಮಂಜು ಹರಿದು ಆನೆಬಾಗಿಲಿನ ಕಬ್ಬಿಣದ ಮೊಳೆಗಳು ಒಂದೊಂದಾಗಿ ಮಿನುಗುತ್ತಿದ್ದವು. ಲಾಯದ ಕುದುರೆಗಳ ಕೆನೆತವೂ ಗುಡಿಗಳ ಗಂಟೆಗಳೂ ಒಂದರ ಮೇಲೊಂದು ಬಿದ್ದು ಊರನ್ನು ಎಬ್ಬಿಸುತ್ತಿದ್ದವು. ಇಷ್ಟಾದರೂ ಪೇಟೆಬೀದಿಯ ಬಳೆಗಾರರು, ಗಾಣಿಗರು, ದವಸದ ಸೆಟ್ಟರು ಸರಕಿನ ಮುಸುಕು ತೆಗೆಯದೆ ಅರಮನೆಯತ್ತ ಮುಖಮಾಡಿ ಕಾಯುತ್ತಿದ್ದರು. ದೊರೆ ಇಮ್ಮಡಿ ಮಲ್ಲರಸರು ಅರಮನೆಯ ಮೇಲಂತಸ್ತಿನ ಬಿಸಿಲುಮಾಡಕ್ಕೆ ಬಂದು, ಬಲಗೈಯೆತ್ತಿ ಪ್ರಜೆಗಳನ್ನು ಹರಸುವವರೆಗೆ ಆ ಊರಿನಲ್ಲಿ ಅಂಗಡಿ ತೆರೆಯುತ್ತಿರಲಿಲ್ಲ, ತಕ್ಕಡಿ ಏಳುತ್ತಿರಲಿಲ್ಲ.

ಆ ಮಾಘದ ಬೆಳಿಗ್ಗೆ ನಗಾರಿ ತಡವಾಗಿ ಮೊಳಗಿತು. ಸಾಂಬ್ರಾಣಿಯ ಹೊಗೆ ಎಂದಿಗಿಂತ ದಟ್ಟವಾಗಿತ್ತು. ಹೊಗೆಯ ನಡುವೆ ಒರಗುಪೀಠದಲ್ಲಿ ಕುಳಿತ ದೊರೆ ಕಂಡರು. ಬಹಳ ಹೊತ್ತಾದ ಮೇಲೆ ಅವರ ಬಲಗೈ ಮೆಲ್ಲಗೆ ಮೇಲೆದ್ದಿತು.

"ಕೈ ಎತ್ತುವುದಕ್ಕೂ ಎಷ್ಟು ಕಷ್ಟಪಡುತ್ತಾರೆ ನೋಡೇ," ಎಂದಳು ಗಾಣಿಗರ ಹೊಂಬಾಳಜ್ಜಿ, ಎಣ್ಣೆಯ ಕೊಡದ ಮೇಲಿನ ಬಟ್ಟೆ ಸರಿಸುತ್ತ.

"ಜ್ವರದಿಂದ ಎದ್ದವರು ಅಜ್ಜಿ. ಅದರ ಮೇಲೆ ಮೌನವ್ರತ ಬೇರೆ ಹಿಡಿದಿದ್ದಾರಂತೆ," ಎಂದಳು ಪಕ್ಕದ ಹೂವಿನವಳು.

"ಮೌನ ಹಿಡೀಲಿ ಬಿಡಲಿ, ಆ ಜೀವಕ್ಕೆ ಮೊದಲು ನಿದ್ದೆ ಬೇಕು ಕಣೆ. ಅರಮನೆಯಲ್ಲಿ ಯಾರಿಗೂ ತಿಳಿಯಲ್ವೆ?"

ಅರಮನೆಯಲ್ಲಿ ಮೂವರಿಗೆ ತಿಳಿದಿತ್ತು. ದೊರೆಗೆ ಹಿಂದಿನ ದಿನ ನಡುಹಗಲಿನಲ್ಲೇ ನಿದ್ದೆ ಬಂದಿತ್ತು, ಇನ್ನು ಏಳದಂಥ ನಿದ್ದೆ. ಒರಗುಪೀಠದ ಹಿಂದೆ, ಜರಿಯ ಪರದೆಯ ಮರೆಯ ಎತ್ತರದ ಹಲಗೆಯ ಮೇಲೆ ನಿಂತು, ಸತ್ತ ಅರಸನ ಕೈಯನ್ನು ಎತ್ತಿದವನು ಗೊಂಬೆಯಾಟದ ಮಂಚಯ್ಯ.

ಆ ನಾಡಿನ ಗೊಂಬೆಯಾಟದಲ್ಲಿ ಗೊಂಬೆಯ ಭಾರ ಕೈಯ ಮೇಲೆ ಬೀಳುವುದಿಲ್ಲ, ತಲೆಯ ಮೇಲೆ ಬೀಳುತ್ತದೆ. ಆಟಗಾರ ಬಟ್ಟೆ ಸುತ್ತಿದ ಸಿಂಬಿಯನ್ನು ತಲೆಗೆ ಧರಿಸಿ, ಸಿಂಬಿಗೆ ಕಟ್ಟಿದ ಹುರಿಗಳಿಂದ ಗೊಂಬೆಯನ್ನು ತೂಗಿಬಿಟ್ಟು, ಎರಡು ಕೈಗಳಲ್ಲಿ ಕಬ್ಬಿಣದ ಸಲಾಕೆಗಳನ್ನು ಹಿಡಿದು ಅದರ ಕೈಯಾಡಿಸುತ್ತಾನೆ. ಅವನು ಕತ್ತು ಬಾಗಿಸಿದರೆ ಗೊಂಬೆಯ ಕತ್ತು ಬಾಗುತ್ತದೆ. ಅವನು ಹೆಜ್ಜೆಯಿಟ್ಟರೆ ಅವನ ಕಾಲಿನ ಗೆಜ್ಜೆಯೇ ಗೊಂಬೆಯ ಗೆಜ್ಜೆಯಾಗಿ ನುಡಿಯುತ್ತದೆ. ಈ ವಿದ್ಯೆಯಲ್ಲಿ ಮಂಚಯ್ಯನಿಗೆ ಸಮನಾದವನು ಸುತ್ತಲ ನಾಲ್ಕು ಸೀಮೆಯಲ್ಲಿ ಇರಲಿಲ್ಲ. ಇದ್ದೇನೆಂದವನು ಇದ್ದರೆ ಅವನು ಸುಳ್ಳುಗಾರ. ಆದರೆ ಹೆಂಡತಿ ಸಂಕವ್ವ ತೀರಿಕೊಂಡ ಮೇಲೆ ಮಂಚಯ್ಯ ಮನುಷ್ಯರೊಡನೆ ಮಾತು ಬಿಟ್ಟಿದ್ದ. ಗೊಂಬೆಗಳಿಗೆ ಉಡುಗೆ ಹೊಲಿದವಳು ಅವಳು, ಪರದೆಯ ಹಿಂದೆ ಹೆಣ್ಣುಪಾತ್ರಗಳಿಗೆ ದನಿ ಕೊಟ್ಟವಳು ಅವಳು. ಮೇಳದವರು ಬೇರೆ ಆಟಗಾರನನ್ನು ಹುಡುಕಿಕೊಂಡು ಹೋದರು. ಅವನು ಒಬ್ಬನೇ ರಾಮನಾಗಿ, ಸೀತೆಯಾಗಿ, ರಾವಣನಾಗಿ ಆಡಿ, ಬೆಳಗಾದ ಮೇಲೆ ಗೊಂಬೆಪೆಟ್ಟಿಗೆಯ ಪಕ್ಕದಲ್ಲಿ ಮಲಗುತ್ತಿದ್ದ.

ಅವನ ಆಟಕ್ಕೆ ಒಂದು ಕಟ್ಟಳೆಯಿತ್ತು. ಕತೆ ಮುಗಿದ ಮೇಲೆ ಗೊಂಬೆ, ಅದು ಇಂದ್ರನಿರಲಿ ರಾಕ್ಷಸನಿರಲಿ, ನೋಡುಗರ ಮುಂದೆ ನಿಂತು, ಬಲಗೈಯನ್ನು ಹಣೆಗೆ ಮುಟ್ಟಿಸಿ, ಎಡಗಾಲು ಹಿಂದಕ್ಕಿಟ್ಟು, ಎರಡೂ ಕೈ ಜೋಡಿಸಿ ನೆಲಕ್ಕೆ ಬಾಗಬೇಕು. ಇದಕ್ಕೆ ಅಪ್ಪಣೆ ಬೇಡುವುದು ಎಂದು ಹೆಸರು. ಕೂತ ಜನರೆಲ್ಲ ಒಂದೇ ದನಿಯಲ್ಲಿ "ಹೋಗಿ ಬಾ" ಎನ್ನಬೇಕು. ಆಮೇಲೆಯೇ ಹುರಿ ಸಡಿಲಿಸಿ ಗೊಂಬೆಯನ್ನು ಪೆಟ್ಟಿಗೆಯಲ್ಲಿ ಮಲಗಿಸುವುದು. ಅಪ್ಪಣೆ ಸಿಕ್ಕದ ಗೊಂಬೆ ಪೆಟ್ಟಿಗೆಯೊಳಗೂ ಕಣ್ಣು ತೆರೆದೇ ಇರುತ್ತದೆಂದು ಆ ಊರಿನವರ ನಂಬಿಕೆ. ಆದರೆ ದೊಡ್ಡ ಮನುಷ್ಯರು ಆಟದ ಕೊನೆಯವರೆಗೆ ಕೂರುವುದಿಲ್ಲವಷ್ಟೆ. ಯುದ್ಧದ ಪ್ರಸಂಗ ಮುಗಿಯುತ್ತಲೇ ವೀಳ್ಯ ಹಾಕಿಕೊಂಡು, ಪಂಜಿನವರನ್ನು ಕರೆದು ಎದ್ದುಬಿಡುತ್ತಾರೆ. ಕೊನೆಯವರೆಗೆ ಕೂತಿದ್ದ ದೊಡ್ಡವರೆಂದರೆ ಮಲ್ಲರಸರೊಬ್ಬರೇ. ಕಂಬಳಿ ಹೊದ್ದು, ಗಾಣಿಗರ ಸಾಲಿನಲ್ಲಿ ಯಾರಿಗೂ ತಿಳಿಯದಂತೆ ಕೂತು, ಎಲ್ಲರೊಡನೆ "ಹೋಗಿ ಬಾ" ಎಂದು ಕೂಗಿ ಎದ್ದುಹೋಗುತ್ತಿದ್ದರು. ಪರದೆಯ ಹಿಂದಿದ್ದ ಮಂಚಯ್ಯ ಆ ಒಂದು ದನಿಯನ್ನು ನೂರು ದನಿಗಳ ನಡುವೆಯೂ ಗುರುತಿಸುತ್ತಿದ್ದ.

ಹಾಗಾಗಿ, ದೊರೆ ತೀರಿಕೊಂಡ ಮಧ್ಯಾಹ್ನ ಅವನನ್ನು ಅಂತಃಪುರಕ್ಕೆ ಕರೆತಂದು ಮುಸುಕು ಸರಿಸಿದಾಗ ಅವನು ಕಣ್ಣೀರು ಹಾಕಲಿಲ್ಲ. ಕಾಲಬಳಿ ಕುಸಿದು ಕೂತುಬಿಟ್ಟ. ಅಲ್ಲಿದ್ದವರು ಇಬ್ಬರೇ: ಪಟ್ಟದರಾಣಿ ಪದುಮಾಜಮ್ಮಣ್ಣಿ ಮತ್ತು ಸೈನ್ಯದ ಒಡೆಯ, ದಳವಾಯಿ ಬೀರಣ್ಣ ನಾಯಕ.

"ಮಂಚಯ್ಯ, ಇವರನ್ನು ಕೂರಿಸಬಲ್ಲೆಯಾ?" ಎಂದರು ರಾಣಿ.

"ತಾಯಿ, ನನಗೆ ಗೊತ್ತಿರುವುದು ಮರ. ಇದು..."

"ಇದು ನನ್ನ ಗಂಡ. ನನಗೆ ಗೊತ್ತಿದೆ." ರಾಣಿಯ ಮಾತಿನಲ್ಲಿ ಏರಿಳಿತವೇ ಇರಲಿಲ್ಲ, ಅಳುವುದನ್ನು ಮುಂದಕ್ಕೆ ಹಾಕಿದವರ ಮಾತು ಹಾಗಿರುತ್ತದೆ. "ಹೊಳೆಯಾಚೆ ವೈರಿ ಪಾಳೆಯ ಬಿಟ್ಟು ಕೂತಿದ್ದಾನೆ. ಸಂಧಿಗೆ ಹೋದ ಪ್ರಧಾನಿ ಅಪ್ರಮೇಯಯ್ಯನವರು ಮರಳಬೇಕು. ಮೈದುನ ಲಿಂಗರಸರು ಗಡಿಯ ಠಾಣೆಯಿಂದ ಬಂದು ಪಟ್ಟಕ್ಕೆ ಕೂರಬೇಕು. ಅಲ್ಲಿಯವರೆಗೆ ಈ ಊರಿಗೆ ದೊರೆ ಬದುಕಿರಬೇಕು."

"ಅಲ್ಲಿಯವರೆಗೆ ತಾವು, ತಾಯಿ?"

ರಾಣಿ ಕೈಯ ಹಸಿರು ಬಳೆಗಳನ್ನು ಒಮ್ಮೆ ತಿರುವಿದರು. "ಅಲ್ಲಿಯವರೆಗೆ ನಾನು ಮುತ್ತೈದೆ."

"ಉಪಾಯ ನನ್ನದು ಕಣೋ," ಎಂದ ದಳವಾಯಿ, ಮೀಸೆಯ ತುದಿಯನ್ನು ಬೆರಳಿಗೆ ಸುತ್ತುತ್ತ. "ನಿನ್ನ ಆಟ ನಾನೂ ನೋಡಿದ್ದೇನೆ. ಮರದ ಕೊರಡನ್ನು ಕುಣಿಸುತ್ತೀಯಲ್ಲ, ಕೈಯೊಂದನ್ನು ಎತ್ತಿಸಲಾರೆಯಾ?"

ಆಟವನ್ನು ಅರ್ಧ ನೋಡಿದವನಿಗೆ ಹೊಳೆಯುವಂಥ ಉಪಾಯವೇ ಸರಿ.

ಕರ್ಪೂರ, ಗಂಧ, ಲಾವಂಚ ಹಾಕಿ ತಣ್ಣನೆಯ ಕಲ್ಲಿನ ನೆಲಮನೆಯಲ್ಲಿ ದೊರೆಯ ದೇಹವನ್ನು ಕಾಪಾಡಿದರು. ಅಲ್ಲಿ ಮಂಚಯ್ಯ ತನ್ನ ಹೊಸ ವಿದ್ಯೆಯನ್ನು ಕಲಿತ. ಕಲಿಸಿದವರು ದೊರೆಯೇ. ಮರದ ಗೊಂಬೆ ಎಳೆದತ್ತ ಬರುತ್ತದೆ. ಸತ್ತವರು ಎಳೆದತ್ತ ಬರುವುದಿಲ್ಲ. ಮೊದಲು ಸೆಟೆದುಕೊಂಡು ಹಟಮಾಡುತ್ತಾರೆ; ಆಮೇಲೆ ಸಡಿಲಾಗಿ, ಭೂಮಿ ಕರೆದತ್ತ ಜಾರುತ್ತಾರೆ. ಅವರನ್ನು ಎತ್ತಹೋದವನು ಸೋಲುತ್ತಾನೆ. ಅವರ ಭಾರ ಎತ್ತ ಬೀಳಲು ಬಯಸುತ್ತದೆಯೋ ಅತ್ತ ಬಿಟ್ಟು, ಬೀಳುವುದಕ್ಕೆ ಒಂದು ಕೂದಲೆಳೆ ಮುಂಚೆ ಹಿಡಿಯಬೇಕು. ಹಾಗೆ ಹಿಡಿದಾಗ ಸತ್ತವರ ಕೈ ತಾನಾಗಿಯೇ ಎದ್ದಂತೆ ಕಾಣುತ್ತದೆ, ಬದುಕಿ ದಣಿದವನ ಕೈಯಂತೆ. ಈ ಗುಟ್ಟನ್ನು ತಿಳಿದ ದಿನ ಮಂಚಯ್ಯ ಗೋಡೆಗೆ ಒರಗಿ ಸಂಜೆಯವರೆಗೂ ಸುಮ್ಮನೆ ಕೂತಿದ್ದ. ಜಗತ್ತಿನಲ್ಲಿ ಯಾವ ಆಟಗಾರನೂ ಅರಿಯದ ವಿದ್ಯೆ ಕೈಗೆ ಬಂದಿತ್ತು. ಹೇಳಿಕೊಳ್ಳಲು ಸಂಕವ್ವ ಇರಲಿಲ್ಲ.

ಆದ್ದರಿಂದ ದೊರೆಯೊಡನೆಯೇ ಮಾತಾಡಿದ. "ಸ್ವಾಮಿ, ಎಡಕ್ಕೆ ವಾಲುತ್ತೀರಲ್ಲ. ಬದುಕಿದ್ದಾಗಲೂ ಹೀಗೇ ಕೂರುತ್ತಿದ್ದಿರಾ? ನನಗೂ ಎಡ ಮಂಡಿ ನೋವು. ವಯಸ್ಸು ನೋಡಿ." ಹುರಿ ಕಟ್ಟುವಾಗ, "ಬಿಗಿಯಾಯಿತೇ?" ಎಂದು ಕೇಳುತ್ತಿದ್ದ. ಹುರಿ ಬಿಚ್ಚುವಾಗ ಕೈ ತಡೆದು, "ಅಪ್ಪಣೆ ಕೊಡಿಸಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಚಿಕ್ಕದೊರೆ ಲಿಂಗರಸರು ಬರಲಿ, ಕೊಡಿಸುತ್ತೇನೆ," ಎನ್ನುತ್ತಿದ್ದ. ಸಂಕವ್ವ ಹೋದ ಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ದಿನಾ ಬೆಳಿಗ್ಗೆ ಬಿಸಿಲುಮಾಡದಲ್ಲಿ ಅವನ ಮಣಿಕಟ್ಟು ತಿರುಗಿದರೆ ಒಂದು ಊರಿಗೆ ಊರೇ ಬಾಗಿಲು ತೆರೆಯುತ್ತಿತ್ತು. ಆ ಸುಖ ಅವನಿಗೆ ರುಚಿಸಲಿಲ್ಲವೆಂದರೆ ಸುಳ್ಳಾದೀತು. ಒಂದು ದಿನ ಹೂವಿನವರ ಸಾಲಿನತ್ತ ದೊರೆಯ ಮುಖವನ್ನು ತುಸು ಹೊರಳಿಸಿದ. ಆ ಸಾಲು ಹರ್ಷದಿಂದ ಕೂಗಿತು. ಅವನ ಕತ್ತು ನೋವಿನಿಂದ ಉರಿಯುತ್ತಿತ್ತು, ಕಣ್ಣು ಹುಣ್ಣಾಗಿತ್ತು, ಆದರೂ ಅವನು ನಕ್ಕ. ಆ ನಗುವನ್ನು ದಳವಾಯಿ ನೋಡಿದ. ಅದನ್ನು ತನಗೆ ಬೇಕಾದಂತೆ ಅರ್ಥಮಾಡಿಕೊಂಡ.

ಅಷ್ಟರಲ್ಲಿ ಪ್ರಧಾನಿ ಅಪ್ರಮೇಯಯ್ಯನವರು ಸಂಧಿ ಮುಗಿಸಿ ಮರಳಿದರು. ವೈರಿ ಪಾಳೆಯ ಕಿತ್ತು ಹಿಂದಿರುಗಲು ಒಪ್ಪಿದ್ದ. ಅಂಕನದುರ್ಗವೂ ಹೊಳೆದಂಡೆಯಿಂದ ತನ್ನ ದಂಡನ್ನು ಹಿಂದಕ್ಕೆ ಕರೆಸಬೇಕೆಂಬುದು ಕರಾರು. ಯುದ್ಧವಿಲ್ಲದ ನಾಡಿನಲ್ಲಿ ದಳವಾಯಿಯ ಬೆಲೆ ಎಷ್ಟೆಂಬುದನ್ನು ಬೀರಣ್ಣ ನಾಯಕನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕೋಟೆಬಾಗಿಲಲ್ಲೇ ಪ್ರಧಾನಿಯ ಕೈಗೆ ಸಂಕೋಲೆ ಬಿತ್ತು: ವೈರಿಗೆ ಕೋಟೆಯನ್ನು ಮಾರಿ ಬಂದ ದ್ರೋಹಿ ಎಂದು ಡಂಗುರ ಸಾರಿತು. ರಾಣಿಯ ಬಾಗಿಲಿಗೆ ದಳವಾಯಿಯ ಆಳುಗಳು ಕಾವಲು ನಿಂತರು. ಅವರೊಡನೆ ಯಾರೂ ಮಾತಾಡಕೂಡದೆಂದು ಆಜ್ಞೆಯಾಯಿತು.

ಅಂಕನದುರ್ಗದಲ್ಲಿ ಪ್ರಧಾನಿಯ ತಲೆ ತೆಗೆಯುವುದಕ್ಕೆ ದೊರೆಯೊಬ್ಬರೇ ಹೇಳಬೇಕು, ಪ್ರಜೆಗಳ ಎದುರಿನ ಒಡ್ಡೋಲಗದಲ್ಲಿ. ದಳವಾಯಿ ನೆಲಮನೆಗೆ ಇಳಿದು ಬಂದ.

"ನಾಳೆ ಸೂರ್ಯೋದಯಕ್ಕೆ ಒಡ್ಡೋಲಗ. ದೊರೆ ಹರಸುವುದೂ ಅಲ್ಲಿಯೇ. ನಾನು ಕೇಳುತ್ತೇನೆ, ದ್ರೋಹಿಗೆ ಮರಣವೇ ತಕ್ಕುದೇ ಎಂದು. ಇವರು ತಲೆಯಾಡಿಸಬೇಕು. ಆಮೇಲೆ ತೊಡೆಯ ಮೇಲಿನ ಪಟ್ಟದ ಕತ್ತಿಯನ್ನು ನನ್ನತ್ತ ಸರಿಸಬೇಕು. ಲಿಂಗರಸ ಬರುವ ಹೊತ್ತಿಗೆ ರಾಜ್ಯ ನನ್ನ ಕೈಯಲ್ಲಿರಬೇಕು. ತಿಳಿಯಿತೇನೋ?"

"ಬುದ್ಧಿ, ನಮ್ಮ ದೊರೆ ಇಂಥದಕ್ಕೆ ತಲೆಯಾಡಿಸುವವರಲ್ಲ."

ದಳವಾಯಿ ಗಹಗಹಿಸಿ ನಕ್ಕ. "ನಿನ್ನ ದೊರೆ ಈಗ ಯಾವುದಕ್ಕೆ ಬೇಕಾದರೂ ಆಡಿಸುತ್ತಾರೆ. ನಿನಗೆ ಹೆಂಡತಿ ಮಕ್ಕಳು?"

"ಯಾರೂ ಇಲ್ಲ, ಬುದ್ಧಿ."

"ಅಣ್ಣ ತಮ್ಮ?"

"ಇಲ್ಲ."

ಹೆದರಿಸುವುದಕ್ಕೆ ಏನೂ ಸಿಕ್ಕದೆ ದಳವಾಯಿ ನೆಲಮನೆಯ ಸುತ್ತ ನೋಡಿದ. ಆಮೇಲೆ ಅವನ ಕಣ್ಣು ಮೂಲೆಯಲ್ಲಿದ್ದ ಗೊಂಬೆಪೆಟ್ಟಿಗೆಯ ಮೇಲೆ ಬಿತ್ತು. "ಹಾಗಾದರೆ ಅದು. ಒಂದೊಂದಾಗಿ ಒಲೆಗೆ ಹಾಕಿಸುತ್ತೇನೆ, ನಿನ್ನ ಕಣ್ಣೆದುರಿಗೇ."

ಸಂಕವ್ವ ಹೊಲಿದ ರವಿಕೆಗಳು, ಅವಳ ಬೆರಳು ಚುಚ್ಚಿಕೊಂಡ ಅಂಚುಗಳು, ಅವಳು ದನಿಕೊಟ್ಟ ಸೀತೆ, ಮಂಡೋದರಿ. ಮಂಚಯ್ಯ ತಲೆತಗ್ಗಿಸಿದ. ದಳವಾಯಿ ತೃಪ್ತನಾಗಿ ಮೆಟ್ಟಿಲು ಹತ್ತಿದ.

ಮಂಚಯ್ಯ ದೊರೆಯ ಪಕ್ಕದಲ್ಲಿ ಕೂತ. ಇಲ್ಲವೆಂದು ತಲೆಯಾಡಿಸಿದರೆ? ಜ್ವರದ ಮಂಪರು ಎಂದು ಓಲಗ ಮುಗಿಸಿ, ನಾಳಿದ್ದು ಬೇರೊಬ್ಬನ ಕೈಯಿಂದ ಹೌದೆನ್ನಿಸುತ್ತಾರೆ. ಪರದೆಯ ಹಿಂದಿನಿಂದ ಕೂಗಿ ನಿಜ ಹೇಳಿದರೆ? ದಳವಾಯಿಯ ಕತ್ತಿ ತೋಳಿನಳತೆಯಲ್ಲೇ ಇರುತ್ತದೆ. ಪ್ರಧಾನಿಯ ಕಡೆಯ ಹುಚ್ಚನೊಬ್ಬ ಬೊಬ್ಬೆಹಾಕಿದನೆಂದು ಅಲ್ಲಿಗೇ ಮುಗಿಸುತ್ತಾರೆ. ದೊರೆ ಸತ್ತಿದ್ದಾರೆಂದು ದೊರೆಯೇ ಹೇಳಬೇಕು. ಅವನು ದೊರೆಯ ಮುಖ ನೋಡಿದ. ಕರ್ಪೂರದ ಪುಡಿ ಉದುರಿದ ಆ ಮುಖದಲ್ಲಿ ಸಿಟ್ಟಿರಲಿಲ್ಲ. ಎಷ್ಟು ಹೊತ್ತು ಇನ್ನು ಎಂದು ಕೇಳುವವರ ದಣಿವಿತ್ತು.

"ಸ್ವಾಮಿ," ಎಂದ ಮಂಚಯ್ಯ, "ನಿಮ್ಮನ್ನು ಒಮ್ಮೆಯೂ ನಿಲ್ಲಿಸಿಲ್ಲ. ನಿಮ್ಮ ಭಾರ ನನ್ನ ಕತ್ತು ತಡೆದೀತೋ ಇಲ್ಲವೋ. ನೋಡೋಣ."

ಮರುದಿನ ಸೂರ್ಯೋದಯಕ್ಕೆ ಓಲಗದ ಚಾವಡಿ ಕಿಕ್ಕಿರಿದಿತ್ತು. ಒಂದು ಕಡೆ ಈಟಿ ಹಿಡಿದ ಕಾಲಾಳುಗಳು, ಇನ್ನೊಂದು ಕಡೆ ಪೇಟೆಯ ಜನ. ಜಾಲಂದ್ರದ ಕಿಟಕಿಯ ಹಿಂದೆ ಕಾವಲಿನ ನಡುವೆ ರಾಣಿ. ಸಾಂಬ್ರಾಣಿಯ ಹೊಗೆಯಲ್ಲಿ ಸಿಂಹಾಸನದ ಮೇಲೆ ಮಲ್ಲರಸರು. ಹಿಂದೆ ಇಳಿಬಿಟ್ಟ ಜರಿಯ ಪರದೆ, ಅದರ ಮರೆಯಲ್ಲಿ ಎತ್ತರದ ಹಲಗೆ. ಪಕ್ಕದಲ್ಲಿ ಬಿಚ್ಚುಗತ್ತಿಯ ದಳವಾಯಿ. ಸಂಕೋಲೆ ಎಳೆಯುತ್ತ ಬಂದ ವೃದ್ಧ ಪ್ರಧಾನಿಯನ್ನು ನಡುವೆ ನಿಲ್ಲಿಸಿದರು.

ದಳವಾಯಿ ದನಿಯೆತ್ತಿದ. "ಶತ್ರುವಿಗೆ ಕೋಟೆಯನ್ನು ಮಾರಿದ ದ್ರೋಹಿ ಸನ್ನಿಧಾನದ ಎದುರಿಗಿದ್ದಾನೆ. ಮರಣವೇ ತಕ್ಕ ದಂಡನೆಯೆಂಬುದು ಮಹಾಸ್ವಾಮಿಯವರ ಚಿತ್ತವೇ?"

ಅಪ್ರಮೇಯಯ್ಯನವರು ತಲೆಯೆತ್ತಿದರು. "ಮಹಾಸ್ವಾಮಿ, ತಾವು ಹೌದೆಂದರೆ ನಾನು ಹೊರಡುತ್ತೇನೆ, ವಾದಿಸುವುದಿಲ್ಲ. ತಮ್ಮ ತಂದೆಯವರ ಕಾಲದಿಂದ ದುಡಿದು ನನಗೂ ಸಾಕಾಗಿದೆ. ಒಂದೇ ಬೇಡಿಕೆ. ನನ್ನ ಮುಖ ನೋಡಿ ತಲೆಯಾಡಿಸಿ."

ಪರದೆಯ ಹಿಂದೆ ಮಂಚಯ್ಯ ಸಿಂಬಿಯನ್ನು ಹಣೆಯವರೆಗೆ ಎಳೆದುಕೊಂಡ, ಕಾಲೂರಿದ, ದೊರೆಯ ಭಾರವನ್ನು ಮುಂದಕ್ಕೆ ಬೀಳಬಿಟ್ಟ. ಬೀಳುವುದಕ್ಕೆ ಕೂದಲೆಳೆ ಮುಂಚೆ ಹಿಡಿದ.

ದೊರೆ ಎದ್ದು ನಿಂತರು. ತೊಡೆಯ ಮೇಲಿದ್ದ ಪಟ್ಟದ ಕತ್ತಿ ಠಣಾರೆಂದು ಕಲ್ಲಿನ ಮೇಲೆ ಬಿತ್ತು.

"ಎದ್ದರು! ದೊರೆ ಎದ್ದರು!" ಎಂದು ಜನ ಜಯಘೋಷ ಮಾಡಿದರು. ಆ ಚಾವಡಿಯಲ್ಲಿ ನಡುಗಿದವನು ಒಬ್ಬನೇ. ಸಿಂಹಾಸನದ ಮೇಲಿರುವುದು ಹೆಣವೆಂದು ಬಲ್ಲ ದಳವಾಯಿ, ನೂರು ಕದನ ಕಂಡ ಬೀರಣ್ಣ ನಾಯಕ, ಹಿಂದೆ ಹಿಂದೆ ಸರಿದು ಕಂಬಕ್ಕೆ ತಾಗಿದ. ಗೊಂಬೆಗಳು ಆಟದ ಕೊನೆಯಲ್ಲಿ ಏನು ಮಾಡುತ್ತವೆಂದು ಅವನು ಕಂಡಿರಲಿಲ್ಲ.

ದೊರೆಯ ಬಲಗೈ ಮೇಲೆದ್ದಿತು. ಹರಸುವುದಕ್ಕೆಂದು ಜನ ತಲೆಬಾಗಿದರು. ಕೈ ಹರಸಲಿಲ್ಲ, ಹಣೆಯನ್ನು ಮುಟ್ಟಿತು. ಝಲ್ಲೆಂದು ಒಂದು ಗೆಜ್ಜೆ ನುಡಿಯಿತು. ಎಡಗಾಲು ಹಿಂದಕ್ಕೆ ಸರಿಯಿತು. ಎರಡೂ ಕೈಗಳು ಎದೆಯ ಮುಂದೆ ಕೂಡಿದವು. ಯಾರಿಗೂ ಬಾಗದಿದ್ದ ಇಮ್ಮಡಿ ಮಲ್ಲರಸರು ಪ್ರಜೆಗಳ ಮುಂದೆ ಮೆಲ್ಲಗೆ, ತುಂಬ ಮೆಲ್ಲಗೆ ಬಾಗಿದರು.

"ಹೋಗಿ ಬಾ," ಎಂದಳು ಹೊಂಬಾಳಜ್ಜಿ.

ಅವಳ ಬಾಯಿ ಆಡಿತ್ತು, ಬುದ್ಧಿಯಲ್ಲ. ಎಳೆಯಂದಿನಿಂದ ಆ ಬಾಗುವಿಕೆಯನ್ನು ಕಂಡಾಗಲೆಲ್ಲ ಆಡಿದ ಬಾಯಿ ಅದು. ಹಿಂದೆಯೇ ಬಳೆಗಾರರ ಸಾಲು "ಹೋಗಿ ಬಾ" ಎಂದಿತು. ಈಟಿ ಹಿಡಿದ ಕಾಲಾಳುಗಳು, ಅವರೂ ಬೆಳಗಿನವರೆಗೆ ಕೂತು ಆಟ ನೋಡಿದವರೇ, "ಹೋಗಿ ಬಾ" ಎಂದರು. ಆಮೇಲೆ ಒಬ್ಬೊಬ್ಬರಾಗಿ ತಾವು ಏನು ಹೇಳಿದೆವೆಂದು ಅರಿತರು. ನೂರಾರು ಕಣ್ಣುಗಳು ದೊರೆಯ ಹೆಗಲಿನಿಂದ ಮೇಲಕ್ಕೆ ಏರಿ, ಬೆಳಗಿನ ಬಿಸಿಲಿನಲ್ಲಿ ಹೊಳೆಯುತ್ತಿದ್ದ ಹುರಿಗಳನ್ನು ಕಂಡವು.

"ಅಯ್ಯೋ," ಎಂದಳು ಅಜ್ಜಿ. "ನನ್ನಪ್ಪಾ, ನೀನು ಯಾವಾಗ ಹೋದೆಯೋ!"

ಜಾಲಂದ್ರದ ಹಿಂದೆ ಬಳೆಗಳು ಒಡೆದ ಸದ್ದಾಯಿತು. ಕಾವಲಿನವರನ್ನು ಸರಿಸಿ ಹೊರಬಂದ ರಾಣಿಯ ಬರಿದಾದ ಕೈಗಳಿಂದ ರಕ್ತ ಒಸರುತ್ತಿತ್ತು. "ನನ್ನ ಗಂಡ ಸತ್ತು ದಿನಗಳಾದವು. ಕೋಟೆ ಉಳಿಯಲೆಂದು ಬಚ್ಚಿಟ್ಟವಳು ನಾನು. ಅವರ ಸತ್ತ ಕೈಯಿಂದ ಪ್ರಧಾನಿಯನ್ನು ಕೊಲ್ಲಿಸಹೊರಟವನು ಈ ದಳವಾಯಿ. ಸತ್ತವರು ಯಾರ ತಲೆಯನ್ನೂ ಕೇಳುವುದಿಲ್ಲ. ಸಂಕೋಲೆ ಬಿಚ್ಚಿ!"

ಆಗ ದಳವಾಯಿಗೆ ಭಯ ಬಿಟ್ಟು ರೋಷ ಬಂತು. "ಗೊಂಬೆಯವನೇ!" ಎಂದು ಅರಚಿ, ಮುನ್ನುಗ್ಗಿ, ಜರಿಯ ಪರದೆಯ ಮೂಲಕವೇ ಕತ್ತಿಯಿಂದ ಇರಿದ. ಕಾಲಾಳುಗಳು ಮೇಲೆಬಿದ್ದು ಅವನನ್ನು ಕೆಡವುವಷ್ಟರಲ್ಲಿ ಪರದೆ ಕೆಂಪಾಗಿತ್ತು. ಆದರೆ ದೊರೆ ಬೀಳಲಿಲ್ಲ. ಅದನ್ನು ಕಂಡವರು ಸಾಯುವವರೆಗೂ ಮರೆಯಲಿಲ್ಲ. ಇರಿತ ತಿಂದ ಮೇಲೆಯೂ ಹುರಿಗಳು ಬಿಗಿಯಾಗಿಯೇ ಇದ್ದವು. ಮಲ್ಲರಸರು ಒಂದಿಷ್ಟೂ ಮುಗ್ಗರಿಸದೆ ಹಿಂದಕ್ಕೆ ಸರಿದು, ಸಿಂಹಾಸನದಲ್ಲಿ ಕೂತು, ದಿಂಬಿಗೆ ತಲೆಯೊರಗಿಸಿ ಮಲಗಿದರು. ಆಮೇಲೆ ಹುರಿಗಳು ಸಡಿಲಾದವು. ಪರದೆಯ ಹಿಂದೆ ಹಲಗೆಯ ಮೇಲೆ ಏನೋ ಕುಸಿಯಿತು.

ಸಂಕೋಲೆ ಕಳಚಿದ ಅಪ್ರಮೇಯಯ್ಯನವರು ಪರದೆಯನ್ನು ಕಿತ್ತೆಸೆದು ಹಲಗೆ ಹತ್ತಿದರು. ಮಂಚಯ್ಯ ಸಿಂಬಿಯ ಸಮೇತ ಒರಗಿದ್ದ. ಕಣ್ಣುಗಳು ತೆರೆದೇ ಇದ್ದವು. ಉಸಿರಿರಲಿಲ್ಲ. ಪ್ರಧಾನಿಗಳು ಆ ಕಣ್ಣುಗಳಿಂದ ನೋಟ ಕಿತ್ತು ಜನರತ್ತ ತಿರುಗಿದರು.

"ಇವನಿಗೆ ಯಾರಿದ್ದಾರೆ?" ಎಂದು ಕೇಳಿದರು.

"ಯಾರೂ ಇಲ್ಲ, ಸ್ವಾಮಿ," ಎಂದಳು ಹೊಂಬಾಳಜ್ಜಿ ಕೆಳಗಿನಿಂದ. "ಇವನಿಗೆ ಅಪ್ಪಣೆ ಬೇಡಿಸುವವರೂ ಇಲ್ಲ."

ಮಡಿ ಮೈಲಿಗೆಯೆಂದು ನೆರಳಿಗೂ ಅಂಜುತ್ತಿದ್ದ ವೃದ್ಧ ಮಂತ್ರಿ ರಕ್ತದಲ್ಲಿ ಮಂಡಿಯೂರಿದರು. ಸಂಕೋಲೆಯ ಗುರುತು ಮಾಸದ ಕೈಗಳಿಂದ ಮಂಚಯ್ಯನನ್ನು ಎದೆಗೆ ಒರಗಿಸಿ ಜನರತ್ತ ಕೂರಿಸಿದರು. ಅವನ ಬಲಗೈಯನ್ನು ಹಿಡಿದು ಹಣೆಗೆ ಮುಟ್ಟಿಸಹೋದರು. ವಿದ್ಯೆ ತಿಳಿಯದ ಕೈ, ಭಾರವನ್ನು ಹಿಡಿಯಬೇಕಾದಲ್ಲಿ ಹಿಡಿಯಲಿಲ್ಲ, ಅದು ಜಾರಿ ಬಿತ್ತು. ಮತ್ತೆ ಎತ್ತಿದರು, ಮತ್ತೆ ಜಾರಿತು. ಆಗ ರಾಣಿ ಬಂದು ಎಡಗೈಯನ್ನು ಹಿಡಿದರು. ಇಬ್ಬರೂ ಸೇರಿ ಹೇಗೋ, ಅಂಕುಡೊಂಕಾಗಿ, ಆ ಎರಡು ಕೈಗಳನ್ನು ಕೂಡಿಸಿದರು.

"ಹೋಗಿ ಬಾ, ಮಂಚಯ್ಯ," ಎಂದಿತು ಚಾವಡಿ.

ಪ್ರಧಾನಿಗಳು ಅವನ ಕಣ್ಣು ಮುಚ್ಚಿದರು. ಅವನ ಗೊಂಬೆಪೆಟ್ಟಿಗೆಯನ್ನು ಅರಮನೆಯ ಆಯುಧಶಾಲೆಯಲ್ಲಿ, ಮಲ್ಲರಸರ ಪಟ್ಟದ ಕತ್ತಿಯ ಪಕ್ಕದಲ್ಲಿ ಇರಿಸಿದರು. ಲಿಂಗರಸರು ಮುಸ್ಸಂಜೆಯ ಹೊತ್ತಿಗೆ ಕುದುರೆ ಓಡಿಸಿಕೊಂಡು ಬಂದಾಗ ಪೇಟೆಯ ಒಂದು ಬಾಗಿಲೂ ತೆರೆದಿರಲಿಲ್ಲ. ಬೀದಿಯಲ್ಲಿ ಮುಸುಕು ಹಾಕಿದ ಸರಕಿನ ನಡುವೆ ಊರಿನವರು ತಂತಮ್ಮ ಜಗುಲಿಗಳ ಮೇಲೆ, ಬಹಳ ದಿನದ ಕೆಲಸ ಮುಗಿಸಿದವರಂತೆ, ಸುಮ್ಮನೆ ಒರಗಿ ಕೂತಿದ್ದರು.